ಕೋಸಂಬರಿಯ ಮಾಂಸಾಹಾರ

ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿರುವ ನಮ್ಮ ದೊಡ್ಡ ಮಗಳ ಮನೆಯಲ್ಲಿ ಫ್ರೀಜರಿಗೆ ಎರಡು ಖಾನೆ. ಮೇಲಿನದರಲ್ಲಿ ತೆಂಗಿನಕಾಯಿ ತುರಿ, ಹಿತಕಿದ ಅವರೆಬೇಳೆ, ಕರಿಬೇವು. ಕೆಳಗಿನದರಲ್ಲಿ ಮೊಟ್ಟೆಯೊಡೆದು ಒಂದೇ ದಿನವಾದ ಕೋಳಿಮರಿಗಳು, ಹಳದಿ ಪುಕ್ಕದ ಸಮೇತ ಕಲ್ಲಿನಂತೆ ಹೆಪ್ಪುಗಟ್ಟಿ ಮಲಗಿವೆ. ನಡುವೆ ನನ್ನಾಕೆ ಅಂಟಿಸಿದ ಕೆಂಪು ಟೇಪು. ಮೊಟ್ಟೆಯ ಚಿಪ್ಪನ್ನೂ ಒಳಗೆ ಬಿಟ್ಟುಕೊಳ್ಳದ ಮೈಸೂರಿನ ಅಡುಗೆಮನೆಯೊಂದರ ವಾರಸುದಾರರಿಗೆ ಇಂಥ ಗಡಿರೇಖೆ ಬೇಕಾಗಿ ಬಂದದ್ದು ಫೆರೆಟ್ ಎಂಬ ಪ್ರಾಣಿಯಿಂದ.

ಹೆಸರು ಕೋಸಂಬರಿ. ಇಟ್ಟವನು ಮೊಮ್ಮಗ. ಬಿಳಿ, ಕಂದು, ಹಳದಿ ಬೆರೆತ ಆ ತುಪ್ಪಳ ನೋಡಿದಾಗ ಅವನಿಗೆ ಹೊಳೆದದ್ದು ರಾಮನವಮಿಯ ದೊನ್ನೆ. ಉದ್ದನೆಯ ಮೈ, ಗಿಡ್ಡ ಕಾಲು, ಕಣ್ಣಿನ ಸುತ್ತ ಕಳ್ಳನ ಪಟ್ಟಿ. ಮೊದಲ ಸಲ ಕಂಡಾಗ ನನ್ನಾಕೆ, "ಮುಂಗುಸಿ! ಶುಭಶಕುನ" ಎಂದು ಕೈಮುಗಿದಳು. ಇದು ಮುಂಗುಸಿಯ ಕುಲವಲ್ಲ, ನೀರುನಾಯಿಯ ದಾಯಾದಿ, ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಮೊಲದ ಬಿಲಕ್ಕೆ ನುಗ್ಗಿಸಲೆಂದು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಪಳಗಿಸಿದರು ಎಂದು ಅಳಿಯಂದಿರು ವಿವರಿಸಿದರು. ಅಷ್ಟರಲ್ಲಿ ಕೋಸಂಬರಿ ಅವಳ ಚಪ್ಪಲಿ ಕಚ್ಚಿಕೊಂಡು ಸೋಫಾದ ಅಡಿಗೆ ಹೋಗಿಯಾಗಿತ್ತು. "ಪಳಗಿದ್ದು ಯಾರು, ಪಳಗಿಸಿದ್ದು ಯಾರು?" ಎಂದಳು.

ಹೆಸರಿಗೆ ತಕ್ಕಂತೆ ಅದನ್ನು ಸಸ್ಯಾಹಾರಿ ಮಾಡುವ ಪ್ರಯತ್ನವೂ ನಡೆಯದಿರಲಿಲ್ಲ. ನನ್ನಾಕೆ ಮೊಸರನ್ನ ಕಲೆಸಿ ತಟ್ಟೆಯಲ್ಲಿಟ್ಟಳು. ಮಗಳು ಓಡಿ ಬಂದು ಎತ್ತಿಕೊಂಡಳು. ಫೆರೆಟ್ಟಿನ ಕರುಳು ತೀರಾ ಗಿಡ್ಡ. ತಿಂದದ್ದು ಮೂರು ನಾಲ್ಕು ಗಂಟೆಯಲ್ಲಿ ಆಚೆ ಬಂದುಬಿಡುತ್ತದೆ. ಅಕ್ಕಿ, ಬೇಳೆ ಅರಗಿಸಿಕೊಂಡು ಕೂರುವ ಪುರುಸೊತ್ತು ಅದಕ್ಕಿಲ್ಲ. ಸಿಹಿ ಆಗದು. ಹಾಲು ಒಗ್ಗದು. ಈರುಳ್ಳಿ, ಬೆಳ್ಳುಳ್ಳಿಯಂತೂ ವಿಷ.

"ಈರುಳ್ಳಿ ಬೆಳ್ಳುಳ್ಳಿ ಮುಟ್ಟೋದಿಲ್ವಾ?" ನನ್ನಾಕೆಯ ದನಿ ಮೆತ್ತಗಾಯಿತು. "ಹಾಗಾದ್ರೆ ಒಳ್ಳೇ ಮನೆತನದ್ದೇ."

ಅಂದಿನಿಂದ ಅದಕ್ಕೆ ಮನೆಯಲ್ಲಿ ಅರ್ಧ ಮರ್ಯಾದೆ ಸಿಕ್ಕಿತು. ಇನ್ನರ್ಧವನ್ನು ವಾಸನೆ ತಿಂದುಹಾಕಿತ್ತು. ಆ ವಾಸನೆಯನ್ನು ವರ್ಣಿಸುವುದು ಕಷ್ಟ. ಮಳೆಗಾಲದಲ್ಲಿ ಒಣಗದ ಕಂಬಳಿಗೆ ಯಾರೋ ಜೇನುತುಪ್ಪ ಸವರಿದಂತೆ. ದೀಪಾವಳಿಗೆ ಇದಕ್ಕೂ ಒಂದು ಅಭ್ಯಂಜನ ಮಾಡಿಸೋಣ ಎಂದು ನನ್ನಾಕೆ ಸೀಗೆಪುಡಿ ತೆಗೆದಳು. ಅದಕ್ಕೂ ತಡೆ. ಸ್ನಾನ ಮಾಡಿಸಿದಷ್ಟೂ ಅದರ ಚರ್ಮ ಇನ್ನಷ್ಟು ಎಣ್ಣೆ ಸುರಿಸಿಕೊಂಡು ಇನ್ನಷ್ಟು ನಾರುತ್ತದೆ. ಒಗೆಯಬೇಕಾದದ್ದು ಅದರ ಹಾಸಿಗೆಯನ್ನು, ಅದನ್ನಲ್ಲ. ಮೀಯದೆ ಇದ್ದರೇ ಶುದ್ಧವಾಗಿರುವ ಜೀವವನ್ನು ಯಾವ ಮಡಿಯ ಲೆಕ್ಕಕ್ಕೆ ಸೇರಿಸಬೇಕೆಂದು ಅವಳಿಗೆ ಇವತ್ತಿಗೂ ತಿಳಿದಿಲ್ಲ.

ನಿದ್ದೆಯ ವಿಷಯಕ್ಕೆ ಬಂದರೆ ಕುಂಭಕರ್ಣನೂ ಅದರ ಮುಂದೆ ಶಿಷ್ಯ. ದಿನಕ್ಕೆ ಹದಿನಾಲ್ಕರಿಂದ ಹದಿನೆಂಟು ಗಂಟೆ. ಅದೂ ಎಂಥ ನಿದ್ದೆ! ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. "ರೀ, ಇಲ್ಲಿ ಬನ್ನಿ, ಹೋಗಿಬಿಟ್ಟಿದೆ" ಎಂದು ಅವಳು ಕೂಗಿದಳು. ಹೋಗಿ ನೋಡಿದರೆ ತೂಗುಮಂಚದಲ್ಲಿ ಕೋಸಂಬರಿ ಅಂಗಾತ ಬಿದ್ದಿದೆ. ಕರೆದೆ, ತಟ್ಟಿದೆ. ಎತ್ತಿದರೆ ಎರಡೂ ಕಡೆ ಜೋತುಬಿತ್ತು. ಕಣ್ಣು ತೆರೆಯಲಿಲ್ಲ. ನನ್ನಾಕೆ ಅರೆಕ್ಷಣ ಯೋಚಿಸಿ ದೇವರ ಗೂಡಿನಿಂದ ಗಂಗಾಜಲದ ಗಿಂಡಿ ತಂದಳು. ಮಾಂಸಾಹಾರಿಗೆ ಕೊಡಬಹುದೇ ಎಂದು ನಾನು ಕೇಳಿದೆ. "ಹೋಗೋವಾಗ ಯಾರೂ ಏನೂ ತಿಂತಿರಲ್ಲ" ಎಂದು ಬಾಯಿ ಮುಚ್ಚಿಸಿದಳು. ಗಿಂಡಿಯ ಮುಚ್ಚಳ ಬಿಚ್ಚುವಾಗ ಕೋಸಂಬರಿ ದೊಡ್ಡದಾಗಿ ಆಕಳಿಸಿ, ಮೈಮುರಿದು, ಆ ಮುಚ್ಚಳವನ್ನೇ ಕಚ್ಚಿಕೊಂಡು ಓಡಿತು.

ಓಡಿದ್ದು ಸೋಫಾದ ಅಡಿಗೇ. ಅದರ ಖಜಾನೆ ಇರುವುದು ಅಲ್ಲಿ. ಮುಚ್ಚಳ ಹುಡುಕುವ ನೆಪದಲ್ಲಿ ಸೋಫಾ ಎತ್ತಿಸಿದಾಗ ನನ್ನ ಕಾಲುಚೀಲ, ಮೊಮ್ಮಗನ ರಬ್ಬರು, ಟಿವಿ ರಿಮೋಟು, ಇವೆಲ್ಲದರ ಮೇಲೆ ಕಿರೀಟದಂತೆ ಕುಕ್ಕರಿನ ಗ್ಯಾಸ್ಕೆಟ್ಟು. ಊರಿನಿಂದ ಹೊತ್ತು ತಂದಿದ್ದ ಆ ಗ್ಯಾಸ್ಕೆಟ್ಟಿಗಾಗಿ ನಾವು ಇಡೀ ಮನೆ ಜಾಲಾಡಿ, ಬೇಳೆಯನ್ನು ಪಾತ್ರೆಯಲ್ಲಿ ಗಂಟೆಗಟ್ಟಲೆ ಬೇಯಿಸಿಕೊಂಡಿದ್ದೆವು. ಮಗಳಿಗೆ ಗ್ಯಾಸ್ಕೆಟ್ಟಿನ ಚಿಂತೆಯಿರಲಿಲ್ಲ. ಅದರಲ್ಲಿ ಹಲ್ಲಿನ ಗುರುತಿದೆಯೇ ಎಂದು ಮಾತ್ರ ಪರೀಕ್ಷಿಸಿದಳು. ರಬ್ಬರಿನ ಚೂರು ನುಂಗಿದರೆ ಕರುಳಿಗೆ ಅಡ್ಡ ಸಿಕ್ಕಿ ಆಪರೇಷನ್ನೇ ಗತಿ. ಅಳಿಯಂದಿರು ಎಂದಿನಂತೆ ವಕಾಲತ್ತಿಗೆ ನಿಂತರು. ಅಮೆರಿಕದ ಇಲಿನಾಯ್‌ನಲ್ಲಿ, ಈಗ ಫರ್ಮಿಲ್ಯಾಬ್ ಎನ್ನುವ ಪ್ರಯೋಗಾಲಯದಲ್ಲಿ, 1971ರಲ್ಲಿ ಫೆಲಿಶಿಯಾ ಎಂಬ ಫೆರೆಟ್ ಉದ್ದುದ್ದ ಕೊಳವೆಗಳೊಳಗೆ ದಾರ ಎಳೆದುಕೊಂಡು ಹೋಗಿ, ಅವನ್ನು ಶುಚಿ ಮಾಡಲು ವಿಜ್ಞಾನಿಗಳಿಗೆ ನೆರವಾಗಿತ್ತಂತೆ. "ಹಾಗಾದ್ರೆ ಇಲ್ಲಿ ಸಿಂಕ್ ಕಟ್ಕೊಂಡಿದೆ, ಬಿಡಿ" ಎಂದಳು ನನ್ನಾಕೆ.

ಪಕ್ಕದ ಮನೆಯ ಯಾರ್ಕ್‌ಶೈರ್ ಅಜ್ಜನಿಗೆ ಫೆರೆಟ್ ಎಂದರೆ ಪ್ರಾಣ. ಅವರು ಬೇಲಿಯಾಚೆಯಿಂದ ಹೇಳಿದ ಆಟವನ್ನು ಮೊದಲು ನಾನು ನಂಬಲಿಲ್ಲ. ಪ್ಯಾಂಟಿನ ಕೆಳತುದಿಗಳನ್ನು ಕಣಕಾಲಿಗೆ ಬಿಗಿದು, ಒಳಗೆ ಎರಡು ಜೀವಂತ ಫೆರೆಟ್ ಬಿಟ್ಟು, ಸೊಂಟವನ್ನೂ ಬಿಗಿದು ನಿಲ್ಲಬೇಕು. ಒಳಚಡ್ಡಿ ನಿಷಿದ್ಧ. ಫೆರೆಟ್ಟಿಗೆ ಹಲ್ಲೆಲ್ಲ ಇರಬೇಕು. ಹೆಚ್ಚು ಹೊತ್ತು ತಡೆದುಕೊಂಡವನು ಗೆದ್ದ. 1981ರಲ್ಲಿ ಇದೇ ಯಾರ್ಕ್‌ಶೈರಿನ ರೆಜ್ ಮೆಲರ್ ಎಂಬಾತ 5 ಗಂಟೆ 26 ನಿಮಿಷ ನಿಂತು ದಾಖಲೆ ಮಾಡಿದ. ನೀವೂ ಒಂದು ಕೈ ನೋಡುತ್ತೀರಾ ಎಂದು ಅಜ್ಜ ಕೇಳಿದರು. ನಾನು ಉಟ್ಟಿದ್ದ ಪಂಚೆಯನ್ನು ತೋರಿಸಿದೆ. ಆಟದ ನಿಯಮಕ್ಕೆ ಹೊಂದದ ಉಡುಪಿನಲ್ಲಿ ಹುಟ್ಟಿಸಿದ ಹಿರಿಯರಿಗೆ ಅಂದು ಮನಸ್ಸಿನಲ್ಲೇ ನಮಸ್ಕರಿಸಿದೆ.

ಚಳಿಗಾಲದಲ್ಲಿ ನನಗೆ ಫ್ಲೂ ಬಂತು. ನನ್ನನ್ನು ಮಹಡಿಯ ಕೋಣೆಗೆ ಹಾಕಿದರು, ಕೋಸಂಬರಿಯನ್ನು ಕಾಪಾಡಲಿಕ್ಕೆ! ಮನುಷ್ಯರ ಫ್ಲೂ ಫೆರೆಟ್ಟಿಗೂ ತಗಲುತ್ತದೆ. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಫ್ಲೂ ವೈರಸ್ಸನ್ನು ಹಿಡಿದದ್ದೇ ರೋಗಿಯ ಗಂಟಲು ಮುಕ್ಕಳಿಸಿದ ನೀರನ್ನು ಫೆರೆಟ್ಟಿನ ಮೂಗಿಗೆ ಬಿಟ್ಟು. ನನಗೆ ಮೆಣಸಿನ ಸಾರು ಬಾಗಿಲ ಬಳಿ ಬರುತ್ತಿತ್ತು. ಅದು ಕೆಳಗೆ ಹೀಟರಿನ ಪಕ್ಕ ಮಲಗಿರುತ್ತಿತ್ತು.

ಈಗ ಎರಡನೆಯದು ಬರುವ ಮಾತು ನಡೆದಿದೆ. ಫೆರೆಟ್ಟುಗಳಿಗೆ ಜೊತೆ ಬೇಕು, ಒಂಟಿಯಾದರೆ ಮಂಕಾಗುತ್ತವೆ. ಗಂಡೋ ಹೆಣ್ಣೋ ಎಂಬ ಚರ್ಚೆಯ ನಡುವೆ ಮಗಳು ಒಂದು ಸಂಗತಿ ಹೇಳಿಬಿಟ್ಟಳು. ಹೆಣ್ಣು ಫೆರೆಟ್ ಬೆದೆಗೆ ಬಂದು ಗಂಡಿನ ಜೊತೆ ಸೇರದಿದ್ದರೆ ಬೆದೆ ಇಳಿಯುವುದೇ ಇಲ್ಲ. ಹಾಗೇ ಬಿಟ್ಟರೆ ರಕ್ತ ಸೊರಗಿ ಜೀವಕ್ಕೇ ಅಪಾಯ.

ನನ್ನಾಕೆ ಕೈಯಲ್ಲಿದ್ದ ಹುರುಳಿಕಾಯಿ ಕೆಳಗಿಟ್ಟು, ಲೀಡ್ಸ್‌ನಿಂದ ವಾರಾಂತ್ಯಕ್ಕೆ ಬಂದಿದ್ದ ಚಿಕ್ಕ ಮಗಳ ಕಡೆ ತಿರುಗಿದಳು. "ಕೇಳಿಸ್ಕೊಂಡ್ಯಾ? ಈ ದೇಶದಲ್ಲಿ ಅಷ್ಟು ಬುದ್ಧಿ ಇರೋದು ಇದೊಂದಕ್ಕೇ."

ಚಿಕ್ಕವಳು ಮೊಬೈಲಿನಿಂದ ತಲೆ ಎತ್ತಲಿಲ್ಲ. "ಅದಕ್ಕೆ ವರ್ಷಕ್ಕೊಂದು ಇಂಜೆಕ್ಷನ್ ಇದೆ ಅಮ್ಮಾ. ನಂಗೂ ಒಂದು ಕೊಡಿಸಿಬಿಡು."