ಮೂಗಿನ ಬದಿಯ ಗಂಟು

ಅಕ್ಕಾ, ಇಷಾಡು ಮಾವಿನ ಹಣ್ಣು ಇರ್ಲಿ, ನೀ ಬೇಲಿ ಹತ್ರ ಬಾ. ಬಿಸಿಲಿಗೆ ಮುಖ ಮಾಡು, ಕಣ್ಣು ನೋಡ್ತೆ. ಕುರು ಎದ್ದಿದೆ ಅಂತ ಲವಂಗ ತೇದು ಹಚ್ಚಿದ್ಯಲ್ಲ, ಎಷ್ಟು ದಿನ ಆಯ್ತು? ಹದಿನೈದು ದಿನಾ? ಕುರು ಆಗಿದ್ರೆ ಇಷ್ಟೊತ್ತಿಗೆ ಒಡೆದು ಒಣಗ್ಬೇಕಿತ್ತು.

ಕುರು ಏಳೋದು ರೆಪ್ಪೆಕೂದಲಿನ ಬುಡದಲ್ಲಿ. ರೆಪ್ಪೆಯೊಳಗಿನ ಎಣ್ಣೆಗ್ರಂಥಿ ಕಟ್ಟಿದ್ರೆ ಕಾಳಿನಂಥ ಗಟ್ಟಿ ಗುಳ್ಳೆ, ಅಷ್ಟು ನೋವಿರೋದಿಲ್ಲ. ನಿನ್ನ ರೆಪ್ಪೆ ಸರಿಯಾಗೇ ಇದೆ. ಊದಿದ್ದು ಮೂಗಿನ ಬದಿಗೆ, ಕಣ್ಣಿನ ಮೂಲೆಗಿಂತ ಚೂರು ಕೆಳಗೆ. ಕಣ್ಣೀರಿನ ಚೀಲ ಇರೋದು ಅಲ್ಲೇ.

ಅಳುವಾಗ ಮೂಗೂ ಸೋರ್ತದಲ್ಲ, ಯಾಕೆ ಹೇಳು? ರೆಪ್ಪೆಗಳ ಒಳತುದೀಲಿ ಮೇಲೊಂದು, ಕೆಳಗೊಂದು, ಸೂಜಿಮೊನೆಯಷ್ಟು ತೂತು. ಕಣ್ಣೀರು ಅದರಲ್ಲಿಳಿದು ಚೀಲಕ್ಕೆ, ಅಲ್ಲಿಂದ ಕೊಳವೆ ಹಿಡಿದು ಮೂಗಿಗೆ. ಗಜನಿ ಗದ್ದೆಯ ಜಂತ್ರಡಿ ತೂಬು ಕಟ್ಟಿದ್ರೆ ನೀರು ನಿಂತು ನಾರ್ತದಲ್ಲ, ಹಾಗೇ ಕೊಳವೆ ಕಟ್ಟಿದ್ರೆ ಚೀಲದೊಳಗೆ ಕೀವು. ನಿನಗೆ ಆ ಕಣ್ಣಲ್ಲಿ ಮೊದಲಿಂದ್ಲೂ ನೀರು ಸುರೀತಿತ್ತು, ಒಲೆ ಹೊಗೆ ಅಂತಿದ್ದೆ. ಹೊಗೆಗಾದ್ರೆ ಎರಡೂ ಕಣ್ಣಲ್ಲಿ ಬರ್ಬೇಕು ಅಲ್ದಾ? ನಡುವಯಸ್ಸು ದಾಟಿದ ಹೆಂಗಸರಿಗೇ ಇದು ಹೆಚ್ಚು. ನಮ್ಮ ಕೊಳವೆ ಕಿರಿದು.

ನಮ್ಮ ಅತ್ತೆಯೋರಿಗೂ ಹೀಗೇ. ವರ್ಷಗಟ್ಟಲೆ ಸೆರಗಲ್ಲಿ ಕಣ್ಣು ಒರೆಸ್ತಾ ಇದ್ರು. ಪೊರೆ ತೆಗೆಸೋಕೆ ಹೋದಾಗ ಡಾಕ್ಟರು ಮೂಲೆ ಒತ್ತಿದ್ರು, ತೂತಿಂದ ಕೀವು ಬಂತು. ಅವತ್ತು ಪೊರೆ ಮುಟ್ಟಲೇ ಇಲ್ಲ. ಆಪರೇಷನ್ ಆದ ಕಣ್ಣೊಳಗೆ ಆ ಸೋಂಕು ಹೊಕ್ಕರೆ ದೃಷ್ಟಿಯೇ ಹೋಗ್ಬಹುದು. ಅದಕ್ಕೇ ಪೊರೆ ತೆಗೆಯೋ ಮುಂಚೆ ತೂತಿಗೆ ನೀರು ಬಿಟ್ಟು, ಗಂಟಲಿಗೆ ಬಂತಾ ಅಂತ ಕೇಳೋದು. ಅತ್ತೆಗೆ ಮೊದಲು ಚೀಲದಿಂದ ಮೂಗಿಗೆ ಹೊಸ ದಾರಿ ಮಾಡಿದ್ರು, ಪೊರೆ ಆಮೇಲೆ. ಹೆದರ್ಬೇಡ, ಹೊಸ ಪ್ರಯೋಗ ಅಲ್ಲ. ಇಟಲಿಯ ತೋತಿ ಎಂಬ ಡಾಕ್ಟರು 1904ರಲ್ಲೇ ತೋರಿಸಿದ ದಾರಿ. ಸುಶ್ರುತ ಅದಕ್ಕೂ ಎಷ್ಟೋ ಹಿಂದೆ ರೆಪ್ಪೆಯ ರೋಗ 21, ಕಣ್ಣಿನ ಸಂಧಿಯ ರೋಗ 9 ಅಂತ ಬೇರೆ ಬೇರೆ ಇಟ್ಟಿದ್ದಾನೆ. ರೆಪ್ಪೆಯ ಕುರು ಅಂಜನನಾಮಿಕಾ, ಮೂಲೆಯ ಕೀವು ಪೂಯಾಲಸ. ಜಾಗ ನೋಡೇ ಹೆಸರು ಇಟ್ಟಿದ್ದು.

ಒಂದೊಂದ್ಸಲ ಡಾಕ್ಟರಿಗೂ ಮೊದಲ ನೋಟಕ್ಕೆ ತಿಳಿಯೋದಿಲ್ಲ. ತೂತಿನ ಹಿಂದಿನ ಸಣ್ಣ ಕಾಲುವೇಲೇ ಸೋಂಕಾದ್ರೆ ರೆಪ್ಪೆಯ ತುದಿಯೇ ಊದ್ತದೆ, ಥೇಟ್ ಕುರು ಕಂಡ ಹಾಗೆ. ತಿಂಗಳುಗಟ್ಟಲೆ ಡ್ರಾಪ್ಸ್ ಹಾಕಿದ್ರೂ ಅದೇ ಕಣ್ಣು ಗೀಜು ಕಟ್ತಾ ಇರ್ತದೆ. ಒಳಗೆ ರವೆಯಂಥ ಹಳದಿ ಹರಳು ಕೂತಿರ್ತವೆ, ಅವನ್ನು ತೆಗೆಯೋ ತನಕ ಗುಣ ಇಲ್ಲ.

ನೀ ಮಾತ್ರ ಒತ್ತಬೇಡ, ಚುಚ್ಚಬೇಡ. ಆ ಲವಂಗ ತೊಳ್ಕೋ. ರಾತ್ರಿ ಕೆಂಪು ಹಬ್ಬಿದ್ರೆ, ಜ್ವರ ಬಂದ್ರೆ ಕೂಗು, ಆಗ ಬೆಳಗಿನ ತನಕ ಕಾಯೋದು ಬೇಡ. ಇಲ್ದಿದ್ರೆ ಮೊದಲ ಬಸ್ಸಿಗೆ ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗುವ. ಮೀನು ಮಾರೋದು ಒಂದು ದಿನ ಬಿಟ್ಟರೂ ಅಡ್ಡಿಲ್ಲ. ನಾನೂ ಬರ್ತೆ. ವಾಪಸ್ ಬಂದ್ಮೇಲೆ ಹಣ್ಣು ತಿನ್ನುವ.