ಮೂಸಿ ನೋಡಿದೆಯಾ?

ನಾವಿರುವ ಟೆಕ್ಸಸ್ಸಿನ ಬೀದಿಯಲ್ಲಿ ಹಳೆಯ ಪಿಕಪ್ ಟ್ರಕ್ಕಿನ ಬಾನೆಟ್ ಎತ್ತಿ ನಿಂತರೆ ಸಾಕು, ಅದುವರೆಗೆ ದೂರದಿಂದಲೇ ಕೈ ಬೀಸುತ್ತಿದ್ದವರೆಲ್ಲ ಬಂದು ಮುತ್ತಿಕೊಳ್ಳುತ್ತಾರೆ. ಗೇರ್ ಸರಿಯಾಗಿ ಬೀಳುತ್ತಿಲ್ಲ ಅಂದಿರೋ, ಮುಗಿಯಿತು. 'ಗೇರ್ ಬಾಕ್ಸೇ ಹೋಗಿದೆ, ಸಾವಿರಾರು ಡಾಲರ್ ಕೈಬಿಟ್ಟಿತು' ಅನ್ನುವವರ ಮುಖದಲ್ಲಿ ಎಂಥದೋ ತೃಪ್ತಿ. ನಮ್ಮೂರ ಕಡೆ ಯಾರಾದರೂ ಒಂದು ಸಲ ಕೆಮ್ಮಿದರೆ ಕ್ಷಯದ ಮಾತೆತ್ತುವ ನೆಂಟರಿರುತ್ತಾರಲ್ಲ, ಅದೇ ಕುಲ.

ಎದುರುಮನೆಯ ಅಜ್ಜ ಮಾತ್ರ ಬೇರೆ ಥರ. ಬಂದವನೇ ಕೇಳುವುದು ಒಂದೇ ಪ್ರಶ್ನೆ: "ಮೂಸಿ ನೋಡಿದೆಯಾ?" ಗಾಡಿ ಸಮತಟ್ಟು ಜಾಗದಲ್ಲಿರಬೇಕು, ಎಂಜಿನ್ ಬಿಸಿಯಾಗಿ ಓಡುತ್ತಿರಬೇಕು, ಲಿವರ್ ಪಾರ್ಕಿನಲ್ಲಿರಬೇಕು. ಆಗ ಗೇರ್ ಬಾಕ್ಸಿನ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದು, ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು, ಮೂಗಿನ ಹತ್ತಿರ ಹಿಡಿಯುತ್ತಾನೆ. ಕೆಂಪಗಿದ್ದರೆ ಸಮಾಧಾನ. ಕಂದು ತಿರುಗಿ ಸುಟ್ಟ ವಾಸನೆ ಬಂದರೆ ಒಳಗೆ ಕ್ಲಚ್ ಪ್ಲೇಟುಗಳು ಬೆಂದಿವೆ. ಗುಲಾಬಿ ಬಣ್ಣದ ನೊರೆಯಾಗಿದ್ದರೆ ಕೂಲರ್ ಒಡೆದು ರೇಡಿಯೇಟರ್ ನೀರು ಸೇರಿದೆ. ಆಯಿಲ್ ಬರೀ ಕಡಿಮೆಯಾಗಿದ್ದರೆ ಅಜ್ಜನಿಗೆ ಹಬ್ಬ, ನೆರೆದವರಿಗೆ ನಿರಾಸೆ.

ಎಲ್ಲರ ಬಾಯಲ್ಲೂ ಓಡಾಡುವುದು ಜನರಲ್ ಮೋಟಾರ್ಸಿನವರು 1993ರಲ್ಲಿ ಟ್ರಕ್ಕುಗಳಿಗೆ ಕೊಟ್ಟ 4ಎಲ್60-ಇ ಎಂಬ ಆಟೊಮ್ಯಾಟಿಕ್ ಗೇರ್ ಬಾಕ್ಸ್. ಅದರ ನಾಲ್ಕು ಗೇರುಗಳನ್ನು ಆಡಿಸುವುದು ಶಿಫ್ಟ್ ಸೊಲೆನಾಯ್ಡುಗಳೆಂಬ ಎರಡೇ ವಿದ್ಯುತ್ ಕವಾಟಗಳು. ಎರಡಕ್ಕೂ ಕರೆಂಟ್ ಇದ್ದರೆ ಒಂದನೇ ಗೇರು, ಎರಡಕ್ಕೂ ಇಲ್ಲದಿದ್ದರೆ ಮೂರನೆಯದು. ಹಾಗಾಗಿ ಒಂದು ಫ್ಯೂಸ್ ಹೋದರೂ ಗಾಡಿ ಮೂರನೇ ಗೇರಿನಲ್ಲೇ ತೆವಳುತ್ತ ಹೊರಡುತ್ತದೆ. ಸಿಗ್ನಲ್ಲಿನಲ್ಲಿ ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಮಾಲೀಕ ಸಾಲಕ್ಕೆ ಅರ್ಜಿ ಹಾಕುತ್ತಾನೆ. ಎರಡು, ನಾಲ್ಕು, ರಿವರ್ಸ್ ಮೂರೂ ಒಟ್ಟಿಗೆ ಮಾಯವಾಗಿ ಒಂದು ಮತ್ತು ಮೂರು ಮಾತ್ರ ಉಳಿದರೆ ಆಗ ಅರ್ಜಿ ಹಾಕಬಹುದು. ಆ ಮೂರಕ್ಕೂ ಆಧಾರವಾದ ಸನ್ ಶೆಲ್ ಎಂಬ ಉಕ್ಕಿನ ಚಿಪ್ಪು ಮುರಿದಿರುತ್ತದೆ.

ಹೆದ್ದಾರಿಯಲ್ಲಿ ಗಾಡಿ ನಡುಗುತ್ತದೆಯೇ? ಆಕ್ಸಿಲರೇಟರ್ ಬಿಡದೆ ಎಡಗಾಲಿನಿಂದ ಬ್ರೇಕ್ ಪೆಡಲನ್ನು ಹಾಗೇ ಸವರಬೇಕು. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕೂತ ಟಾರ್ಕ್ ಕನ್ವರ್ಟರಿನ ಲಾಕ್ ಬಿಡುತ್ತದೆ. ನಡುಕ ನಿಂತರೆ ಕಳ್ಳ ಅಲ್ಲಿದ್ದಾನೆ. ನಿಲ್ಲದಿದ್ದರೆ ಎಂಜಿನ್ನಿನ ಪ್ಲಗ್ಗುಗಳನ್ನು ನೋಡಬೇಕು. ಇದಕ್ಕೆ ಕಾಸಿನ ಖರ್ಚಿಲ್ಲ. 1996ರಿಂದೀಚಿನ ಗಾಡಿಗಳಿಗೆ ಸ್ಕ್ಯಾನರ್ ಚುಚ್ಚಬಹುದು, ಸರಿ. ಎಷ್ಟೋ ಸಲ ಅದು ಮೊದಲು ಹೇಳುವುದು ಪಿ0700: ಗೇರ್ ಬಾಕ್ಸಿನ ಕಡೆ ಏನೋ ತೊಂದರೆಯಿದೆ. ಅಷ್ಟು ನಮಗೂ ಗೊತ್ತಿತ್ತು.

ಇಷ್ಟಕ್ಕೂ ತಿಳಿಯದಿದ್ದರೆ ಗೇರ್ ಬಾಕ್ಸಿನ ಅಡಿಯ ಪ್ಯಾನ್ ಇಳಿಸಬೇಕು, ಅದು ಕೊಳಕು ಕೆಲಸ. ಹದಿನಾರು ಬೋಲ್ಟು, ಕೊನೆಯದು ಸಡಿಲವಾಗುವ ಮೊದಲೇ ಆಯಿಲ್ ಮೊಣಕೈ ಹಿಡಿದು ಅಂಗಿಯೊಳಗೆ ಇಳಿದಿರುತ್ತದೆ. ಒಳಗಿನ ಅಯಸ್ಕಾಂತಕ್ಕೆ ಅಂಟಿದ ಬೂದು ಬಣ್ಣದ ನುಣುಪು ಕೆಸರಿಗೆ ಯಾರೂ ಹೆದರಬೇಕಿಲ್ಲ; ವಯಸ್ಸಾದ ಗಾಡಿಯಲ್ಲಿ ಅಷ್ಟು ಇದ್ದೇ ಇರುತ್ತದೆ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ಮಾತ್ರ ಅಜ್ಜ ಟೋಪಿ ತೆಗೆಯುತ್ತಾನೆ.

ಅಲ್ಲಿಗೆ ನೆರೆದವರಲ್ಲಿ ಯಾರಾದರೊಬ್ಬರು, ಹಳೆಯ ಗಾಡಿಗೆ ಹೊಸ ಆಯಿಲ್ ಹಾಕಿದರೆ ಸತ್ತೇ ಹೋಗುತ್ತದೆ ಅನ್ನುತ್ತಾರೆ. ಗೇರ್ ಜಾರತೊಡಗಿದ ಮೇಲೆಯೇ ಜನರಿಗೆ ಆಯಿಲಿನ ನೆನಪಾಗುವುದು, ಸಾಯುವುದು ಮೊದಲೇ ಗೊತ್ತಾಗಿತ್ತು, ಅಪವಾದ ಹೊಸ ಆಯಿಲಿಗೆ ಎಂದು ಅಜ್ಜ. ನನಗೂ ಹಾಗೇ ಅನಿಸುತ್ತದೆ. ವಾದ ಕಾವೇರುತ್ತದೆ. ಬೋಲ್ಟುಗಳನ್ನು ತಿರುಗಿ ಹಾಕುವ ಹೊತ್ತಿಗೆ ಎಲ್ಲರಿಗೂ ಮನೆಯಲ್ಲಿ ಅರ್ಜೆಂಟ್ ಕೆಲಸವಿರುತ್ತದೆ.