ಪಾತ್ರ ಹಂಚುವ ಮೇಷ್ಟ್ರು

ಮಾಗಡಿ ರಸ್ತೆಯ ಇಕ್ಕೆಲಗಳಲ್ಲಿ, ಕಾಮಾಕ್ಷಿಪಾಳ್ಯದಿಂದ ಮೊದಲ್ಗೊಂಡು ಸುಂಕದಕಟ್ಟೆಯ ತನಕ, ಯಾವುದಾದರೊಂದು ಹಾರ್ಡ್‌ವೇರ್ ಅಂಗಡಿಯ ಮೇಲಣ ಮಹಡಿಯಿಂದ, ಸಂಸಾರಸ್ಥರು ಊಟ ಮುಗಿಸಿ ದೀಪವಾರಿಸುವ ಹೊತ್ತಿನಲ್ಲಿ, ಹಾರ್ಮೋನಿಯಮ್ಮಿನ ನಾದವೂ ಅದನ್ನು ಹಿಂದಿಕ್ಕುವ ಛಲದಿಂದ ಯಾರೋ ಒಬ್ಬರು ಪಾಂಡವರನ್ನು ಮೂದಲಿಸುವ ಗರ್ಜನೆಯೂ ಒಟ್ಟಿಗೆ ಕಿವಿಗೆ ಬಿದ್ದರೆ, ಅಲ್ಲಿ ನಾಟಕದ ಮೇಷ್ಟ್ರು ವಿರಾಜಮಾನರಾಗಿರುವರೆಂದು ತಿಳಿಯತಕ್ಕದ್ದು. ರಾಜಾಜಿನಗರವು 1949ರಲ್ಲಿ ಕೈಗಾರಿಕಾ ಉಪನಗರವಾಗಿ ತಲೆಯೆತ್ತಿದ ಮೇಲೆ, ಮಾಗಡಿ, ಕುಣಿಗಲ್, ತುಮಕೂರು ಕಡೆಯ ಜನ ಕಾರ್ಖಾನೆಯ ಕೆಲಸವನ್ನರಸಿ ಬಂದು ಈ ಸೀಮೆಯಲ್ಲಿ ನೆಲೆಸಿದಾಗ, ಊರಿನ ಹಬ್ಬಗಳನ್ನೂ ಮನೆದೇವರನ್ನೂ ತಂದಂತೆಯೇ ಕುರುಕ್ಷೇತ್ರ ನಾಟಕವನ್ನೂ ತಂದರು. ನಾಟಕ ಬಂದ ಕಡೆಗೆ ಮೇಷ್ಟ್ರು ಬಾರದಿರುವುದು ಹೇಗೆ?

ಮೇಷ್ಟ್ರೆಂದ ಮಾತ್ರಕ್ಕೆ ಇವರು ಯಾವ ಪಾಠಶಾಲೆಗೂ ಸೇರಿದವರಲ್ಲ. ಹಗಲಿನಲ್ಲಿ ಇವರ ಉದ್ಯೋಗವೇನೆಂಬುದು ಶಿಷ್ಯರಲ್ಲಿ ಅನೇಕರಿಗೆ ತಿಳಿಯದು, ಕೇಳುವ ಧೈರ್ಯವೂ ಇಲ್ಲ. ಬಿಳಿಯ ಜುಬ್ಬ, ಹೆಗಲ ಮೇಲೊಂದು ಶಾಲು, ಬಾಯಲ್ಲಿ ಅಡಕೆ, ಬಗಲಲ್ಲಿ ಎಣ್ಣೆಯ ಕಲೆ ಹತ್ತಿದ ಒಂದು ಉದ್ದನೆಯ ನೋಟುಪುಸ್ತಕ: ಇವಿಷ್ಟು ಇವರ ಲಾಂಛನ. ಹಾಡು ಹೇಳಿಕೊಡುವುದೇ ಇವರ ಕೆಲಸವೆಂದು ಹೊರಗಿನವರು ಭಾವಿಸುವುದುಂಟು. ಹಾಡನ್ನು ಇಂದು ಯಾರು ಬೇಕಾದರೂ ಮೊಬೈಲಿನಲ್ಲಿ ಕೇಳಿ ಕಲಿಯಬಹುದು. ಮೇಷ್ಟ್ರ ನಿಜವಾದ ವಿದ್ಯೆ ಪಾತ್ರ ಹಂಚಿಕೆ.

ಇದರ ಕಷ್ಟವನ್ನು ಅರಿಯಬೇಕಾದರೆ ಇಲ್ಲಿನ ಅರ್ಥಶಾಸ್ತ್ರವನ್ನು ಮೊದಲು ಅರಿಯಬೇಕು. ಕರಾವಳಿಯ ಯಕ್ಷಗಾನ ಮೇಳದಲ್ಲಿ ವೇಷಧಾರಿಗೆ ಸಂಬಳವುಂಟು; ಎರಡನೆಯ ವೇಷ, ಪುಂಡುವೇಷ, ಬಣ್ಣದ ವೇಷ, ಹಾಸ್ಯ ಎಂದು ಅವರವರ ಸ್ಥಾನ ಮೊದಲೇ ನಿಶ್ಚಯವಾಗಿರುತ್ತದೆ; ಆದಕಾರಣ ಭಾಗವತರು ಜಾಗಟೆ ಬಾರಿಸಿ ಸಾಕೆಂದರೆ ಸಾಕು. ಹಳೆಯ ಮೈಸೂರು ಸೀಮೆಯ ಹವ್ಯಾಸಿ ಪೌರಾಣಿಕ ನಾಟಕದಲ್ಲಿ ಈ ವ್ಯವಸ್ಥೆ ತಲೆಕೆಳಗಾಗಿದೆ. ಇಲ್ಲಿ ದುಡ್ಡು ಕೊಡತಕ್ಕವನು ನಟ. ದುರ್ಯೋಧನನಿಗೊಂದು ದರ, ಕೃಷ್ಣನಿಗೊಂದು ದರ, ಭೀಮನಿಗೆ ಅದಕ್ಕಿಂತ ತುಸು ಕಡಿಮೆ, ಕರ್ಣನಿಗೆ ಅವನ ಕಥೆಯಂತೆಯೇ ಸ್ವಲ್ಪ ಚೌಕಾಶಿ. ಹೀಗೆ ಇಳಿಯುತ್ತ ಇಳಿಯುತ್ತ ದ್ರೋಣ, ವಿದುರ, ದ್ವಾರಪಾಲಕರ ತನಕ ಬಂದರೆ, ಅಲ್ಲಿ ಕೊಡುವವರೂ ಇಲ್ಲ, ಕೇಳುವವರೂ ಇಲ್ಲ. ಸೀನರಿಯ ಬಾಡಿಗೆ, ಡ್ರೆಸ್ಸಿನ ಬಾಡಿಗೆ, ತಬಲದವರ ಸಂಭಾವನೆ, ಹೊರಗಿನಿಂದ ಬಂದು ಕುಂತಿ, ದ್ರೌಪದಿ, ಉತ್ತರೆ ಮೂವರನ್ನೂ ಒಬ್ಬರೇ ನಿಭಾಯಿಸಿ ಹೋಗುವ ಕಲಾವಿದೆಯ ಗೌರವಧನ, ಕಡೆಗೆ ಮೇಷ್ಟ್ರ ಕಾಣಿಕೆ, ಎಲ್ಲವೂ ಈ ದರಗಳಿಂದಲೇ ಹುಟ್ಟಬೇಕು. ಸಂಬಳ ಪಡೆಯುವವನನ್ನು ಗದರಿಸಬಹುದು. ದುಡ್ಡು ಕೊಟ್ಟು ಭೀಮನಾದವನನ್ನು ಗದರಿಸುವುದು ಭೀಮನನ್ನು ಗದರಿಸಿದಷ್ಟೇ ಅಪಾಯಕರ.

ಆದುದರಿಂದ ಹಂಚಿಕೆಯ ಸಂಜೆ ಮೇಷ್ಟ್ರ ಮುಖದಲ್ಲಿ ಮದುವೆ ಮಾಡಿಸುವ ದಳ್ಳಾಳಿಯ ವಿನಯವೂ ಹೈಕೋರ್ಟಿನ ನ್ಯಾಯಾಧೀಶರ ಗಾಂಭೀರ್ಯವೂ ಏಕಕಾಲದಲ್ಲಿ ನೆಲೆಸಿರುವುದನ್ನು ಕಾಣಬಹುದು. ಕೆಂಗೇರಿಯಾಚೆ ನಿವೇಶನ ಮಾರುವ ಸ್ಥೂಲಕಾಯರೊಬ್ಬರು ದುರ್ಯೋಧನನ ಪಾತ್ರವನ್ನು ಅಡ್ವಾನ್ಸ್ ಕೊಟ್ಟೇ ಹಿಡಿದಿದ್ದಾರೆ; ಸೂಜಿಯ ಮೊನೆಯಷ್ಟು ನೆಲವನ್ನೂ ಬಿಟ್ಟುಕೊಡೆನೆಂಬ ಮಾತನ್ನು, ಚದರಡಿಯ ಬೆಲೆಯನ್ನು ಬಲ್ಲ ಅವರಷ್ಟು ಹೃತ್ಪೂರ್ವಕವಾಗಿ ಹೇಳಬಲ್ಲವರು ಹಸ್ತಿನಾವತಿಯಲ್ಲಿಯೂ ಇರಲಿಲ್ಲವೆಂದು ಮೇಷ್ಟ್ರ ಅಭಿಪ್ರಾಯ. ಕೃಷ್ಣನಿಗೆ ಮಾತ್ರ ಇಬ್ಬರು ಹಟ ಹಿಡಿದಿದ್ದಾರೆ: ವಿಜಯನಗರದ ಬೇಕರಿಯ ಮಾಲೀಕರೊಬ್ಬರು, ಹೋದ ಸಲ ಅರ್ಜುನನಾಗಿ ಒನ್ಸ್ ಮೋರ್ ಪಡೆದ ಬಸ್ ಕಂಡಕ್ಟರೊಬ್ಬರು. ಅನ್ಯದೇಶದವರು ಇಂಥ ಸಂದರ್ಭದಲ್ಲಿ ಚೀಟಿ ಎತ್ತುತ್ತಿದ್ದರೋ ಏನೋ, ನಮ್ಮ ಮೇಷ್ಟ್ರು ಅಡಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, "ಭಗವಂತ ಒಬ್ಬನೇ ಅಂತ ಯಾರು ಹೇಳಿದ್ದು ಸ್ವಾಮಿ? ಸಂಧಾನದವರೆಗೆ ನೀವು, ಯುದ್ಧದಿಂದೀಚೆಗೆ ಇವರು" ಎಂದು ಅಪ್ಪಣೆ ಕೊಡಿಸಿದರು. ಕರಪತ್ರದಲ್ಲಿ ಒಂದನೇ ಕೃಷ್ಣ, ಎರಡನೇ ಕೃಷ್ಣ ಎಂದು ಅಚ್ಚಾಯಿತು. ಒಂದನೆಯವರು ಕಡ್ಡಿಯಂತಿದ್ದು ಎರಡನೆಯವರು ಕಂಬದಂತಿದ್ದುದನ್ನು ಯಾವ ಪ್ರೇಕ್ಷಕನೂ ಆಕ್ಷೇಪಿಸಲಿಲ್ಲ. ಯುದ್ಧಕಾಲದಲ್ಲಿ ದೇವರು ಬೆಳೆಯುವುದು ಸಹಜವೇ.

ಹಂಚಿದ ಮಾತ್ರಕ್ಕೆ ಮುಗಿಯಿತೇ? ಪಾತ್ರದ ತೂಕವನ್ನು ಇಲ್ಲಿ ಅಳೆಯುವುದು ಕಂದಗಳಿಂದ. ಮಾತು ಎಷ್ಟೇ ಇರಲಿ, ಯುದ್ಧದಲ್ಲಿ ಎಷ್ಟು ಮಂದಿಯನ್ನಾದರೂ ಕೊಲ್ಲಲಿ, ರಾಗವೆಳೆದು ಹಾಡುವ ಕಂದಗಳು ನಿನಗೆಷ್ಟು ನನಗೆಷ್ಟು ಎಂಬುದೊಂದೇ ಪ್ರಶ್ನೆ. ಭೀಮನಿಗೆ ಗದೆಯಿದೆ, ಬಲವಿದೆ, ಕಡೆಯ ಗೆಲುವೂ ಇದೆ. ಆದರೂ ಸಾಯುವ ಅಭಿಮನ್ಯುವಿಗೆ ತನಗಿಂತ ಒಂದು ಕಂದ ಹೆಚ್ಚೆಂದು ತಿಳಿದ ಕೂಡಲೇ ಆ ಮಹಾಬಾಹು ತಾಲೀಮಿಗೆ ಬರುವುದನ್ನು ನಿಲ್ಲಿಸುತ್ತಾನೆ. ಮೇಷ್ಟ್ರು ಅವನ ಮನೆಗೆ ಹೋಗಿ ಕಾಫಿ ಕುಡಿದು, "ನಿಮ್ಮ ಗಂಟಲಿಗೆ ಅಂತಲೇ ಮೋಹನದಲ್ಲಿ ಒಂದು ಇಟ್ಟಿದೀನಿ, ಅವನಿಗೆ ಹೇಳಬೇಡಿ" ಎಂದು ಕಿವಿಯಲ್ಲಿ ಉಸುರಿ ಬರುತ್ತಾರೆ. ಅಭಿಮನ್ಯುವಿನ ಮನೆಯಲ್ಲಿಯೂ ಹಿಂದಿನ ದಿನ ಕಾಫಿಯಾಗಿತ್ತೆಂಬುದು ಬೇರೆ ಮಾತು. ಉದ್ದನೆಯ ನೋಟುಪುಸ್ತಕದಲ್ಲಿ ಇರುವುದೆಲ್ಲ ಇಂಥ ಗುಪ್ತ ಒಡಂಬಡಿಕೆಗಳ ದಾಖಲೆ. ರಾಗದ ಹೆಸರು ಅಲ್ಲೊಂದು ಇಲ್ಲೊಂದು ಕಂಡರೆ ಕಂಡೀತು.

ಗುಬ್ಬಿ ಕಂಪನಿಯು 1934ರಲ್ಲಿ ಬಿ. ಪುಟ್ಟಸ್ವಾಮಯ್ಯನವರ ಕುರುಕ್ಷೇತ್ರವನ್ನು ಆನೆ ಕುದುರೆಗಳ ಸಹಿತ ರಂಗದ ಮೇಲೆ ತಂದ ಕಾಲವನ್ನು ನೆನೆದು ಮೇಷ್ಟ್ರು ಆಗಾಗ್ಗೆ ನಿಟ್ಟುಸಿರಿಡುವುದುಂಟು. ಆನೆಗಳಿಗಾಗಿ ಅಲ್ಲ. ಅಷ್ಟು ದೊಡ್ಡ ಕಂಪನಿಯ ಒಡೆಯರಾಗಿದ್ದೂ ಗುಬ್ಬಿ ವೀರಣ್ಣನವರು ರಾಜವೇಷಗಳಿಗೆ ಕೈಹಾಕದೆ ಹಾಸ್ಯಪಾತ್ರಗಳಿಂದಲೇ ನಾಡಿಗೆ ಪ್ರಿಯರಾದರಲ್ಲಾ, ಅಂಥ ಒಬ್ಬ ಒಡೆಯರು ತಮ್ಮ ತಂಡಕ್ಕೆ ಏಕೆ ದೊರೆಯುವುದಿಲ್ಲವೆಂಬುದು ಅವರ ವ್ಯಥೆ. ಈಗಿನ ಒಡೆಯರು ದುರ್ಯೋಧನರಾಗಿಯೇ ಬರುತ್ತಾರೆ.

ಇಂಥ ಮೇಷ್ಟ್ರಿಗೆ ಬಸವೇಶ್ವರನಗರದಲ್ಲಿ, ಹಾವನೂರು ವೃತ್ತದ ಸಮೀಪ, ಮಗಳ ಮನೆ. ಭಾನುವಾರ ಮಧ್ಯಾಹ್ನ ಅಲ್ಲಿ ಮೊಮ್ಮಗನೂ ಅವನ ಸಂಗಡಿಗರೂ ಊಟದ ಮೇಜಿನ ಸುತ್ತ ಕುಳಿತು, ಪುರಾಣಗಳಷ್ಟೇ ದಪ್ಪನಾದ ಪುಸ್ತಕಗಳನ್ನು ಬಿಡಿಸಿಟ್ಟುಕೊಂಡು, ಇಪ್ಪತ್ತು ಮುಖದ ದಾಳಗಳನ್ನುರುಳಿಸಿ, ತಾವು ಯೋಧರೆಂದೂ ಮಾಂತ್ರಿಕರೆಂದೂ ಘೋಷಿಸಿಕೊಂಡು ರಾತ್ರಿಯವರೆಗೂ ಆಡುತ್ತಾರೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು 1974ರಲ್ಲಿ ಹೊರತಂದ ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಆಟವದು. ಮೊದಲು ಅದರಲ್ಲಿದ್ದವರು ಯೋಧ, ಮಾಂತ್ರಿಕ, ಪುರೋಹಿತ, ಮೂವರೇ. ಕಳ್ಳನು ಮಾರನೆಯ ವರ್ಷ ಬಂದು ಸೇರಿಕೊಂಡನು. ಒಬ್ಬನು ಕಥೆ ಹೇಳಿ ಆಟ ನಡೆಸುತ್ತಾನೆ, ಮಿಕ್ಕವರು ಪಾತ್ರಧಾರಿಗಳು. ಮಗಳು ಇದನ್ನು ಕಾಲಹರಣವೆಂದೂ ಅಳಿಯಂದಿರು ಬುದ್ಧಿಭ್ರಮಣೆಯೆಂದೂ ಬಗೆದಿರಲಾಗಿ, ಮನೆಯಲ್ಲಿ ಅದರ ಮರ್ಮ ತಿಳಿದವರು ಮೇಷ್ಟ್ರೊಬ್ಬರೇ. ಒಂದು ಭಾನುವಾರ ಆಟ ನಡೆಸುತ್ತಿದ್ದ ಮೊಮ್ಮಗನ ಮುಖ ಬಾಡಿದ್ದುದನ್ನು ಕಂಡು ಕುರ್ಚಿಯೆಳೆದುಕೊಂಡು ಕುಳಿತರು.

ತೊಂದರೆ ಬಹಳ ಹಳೆಯದು, ಆ ಆಟದವರೆಲ್ಲ ಬಲ್ಲದ್ದು. ಮಾಂತ್ರಿಕನು ಆರಂಭದಲ್ಲಿ ಒಂದೆರಡು ಮಂತ್ರಕ್ಕೇ ಬರಿದಾಗುವ ಬಡಪಾಯಿ. ಅನುಭವ ಏರಿದಂತೆಲ್ಲ ಹಾರುವುದು, ಮಾಯವಾಗುವುದು, ಬೆಂಕಿ ಸುರಿಸುವುದು, ಬೀಗ ತೆಗೆಯುವುದು ಎಲ್ಲವೂ ಅವನೊಬ್ಬನಿಗೇ ಕರಗತವಾಗುತ್ತವೆ. ಯೋಧನು ಮೊದಲೂ ಕತ್ತಿ ಬೀಸುತ್ತಿದ್ದನು, ಈಗಲೂ ಬೀಸುತ್ತಿದ್ದಾನೆ. ಕಳ್ಳನಿಗೆ ತೆರೆಯಲು ಬೀಗವೇ ಉಳಿದಿಲ್ಲ. ಆಟವನ್ನು ಅಚ್ಚು ಮಾಡುವವರು 2008ರ ನಾಲ್ಕನೆಯ ಆವೃತ್ತಿಯಲ್ಲಿ ತಡೆಯುವವರು, ಹೊಡೆಯುವವರು, ಆಸರೆಯಾಗುವವರು, ಕಣವನ್ನು ಹತೋಟಿಯಲ್ಲಿಡುವವರು ಎಂದು ಪಾತ್ರಧರ್ಮವನ್ನು ನಾಲ್ಕಾಗಿ ವಿಂಗಡಿಸಿ ಎಲ್ಲರನ್ನೂ ಸಮತೂಗಿಸಲು ಹೊರಟರಾದರೂ, ಈಗ ಎಲ್ಲರೂ ಒಂದೇ ಅಚ್ಚಿನವರಾದರೆಂದು ಆಟಗಾರರಲ್ಲಿ ಬಹುಮಂದಿ ಗೊಣಗಿದರು. ಇಷ್ಟನ್ನೂ ಮೊಮ್ಮಗನು ವಿವರಿಸಿದ ಮೇಲೆ ಮೇಷ್ಟ್ರು ಕೇಳಿದ ಪ್ರಶ್ನೆ ಒಂದೇ:

"ಏನಪ್ಪಾ, ಆ ಮಂತ್ರವಾದಿಗೆ ಶಾಪ ಏನಿದೆ?"

"ಶಾಪ ಇಲ್ಲ ತಾತ. ದಿನಕ್ಕೆ ಇಷ್ಟು ಮಂತ್ರ ಅಂತ ಲೆಕ್ಕ ಇದೆ. ಮಲಗಿ ಎದ್ದರೆ ಪೂರ್ತಿ ವಾಪಸ್ ಬರುತ್ತೆ."

"ಹಾಗಾದರೆ ಮಲಗೋಕೆ ಬಿಡಬೇಡ. ರಾತ್ರಿ ಹೊತ್ತು ಅಶ್ವತ್ಥಾಮನನ್ನ ಕಳಿಸು."

ಮೇಜಿನ ಸುತ್ತಲಿದ್ದವರು ನಕ್ಕರು; ಮಾಂತ್ರಿಕನಾಗಿದ್ದ ಹುಡುಗ ಮಾತ್ರ ನಗಲಿಲ್ಲ. ಆಮೇಲೆ ಅರ್ಧ ಗಂಟೆ ಅಲ್ಲಿ ನಡೆದದ್ದು ಪ್ರವಚನವೆಂದೇ ಹೇಳಬೇಕು. ವ್ಯಾಸರು ಎರಡು ಕಡೆಗೂ ಸಮನಾಗಿ ಹಂಚಲಿಲ್ಲ. ಕೌರವರಿಗೆ ಹನ್ನೊಂದು ಅಕ್ಷೋಹಿಣಿ, ಪಾಂಡವರಿಗೆ ಏಳು. ಹಂಚದಿದ್ದರೂ ಯಾರೂ ಸುಮ್ಮನೆ ಕೂರುವಂತೆ ಮಾಡಲಿಲ್ಲ. ಎಲ್ಲರಿಗಿಂತ ದೊಡ್ಡ ಮಂತ್ರವಾದಿಯಾದ ಕೃಷ್ಣನು ಆಯುಧ ಹಿಡಿಯುವುದಿಲ್ಲವೆಂದು ಮಾತು ಕೊಟ್ಟು ಕುದುರೆಗಳ ಲಗಾಮು ಹಿಡಿದನು. ಹಿಡಿಯದೆ ಚಕ್ರವನ್ನೇ ಎತ್ತಿದ್ದರೆ ಯುದ್ಧವು ಒಂದು ಅಂಕಕ್ಕೇ ಮುಗಿದು, ಅರ್ಜುನನ ಪಾತ್ರಕ್ಕೆ ದುಡ್ಡು ಕೊಟ್ಟವನು ಮನೆಗೆ ಹೋಗಬೇಕಾಗುತ್ತಿತ್ತು. ಕರ್ಣನಿಗೆ ಬೇಕಾದಷ್ಟು ಅಸ್ತ್ರವುಂಟು, ಬೇಕಾದ ವೇಳೆಗೆ ಮರೆತುಹೋಗುವ ಶಾಪವೂ ಉಂಟು. ಭೀಷ್ಮನಿಗೆ ಇಚ್ಛಾಮರಣದ ವರ, ಶಿಖಂಡಿ ಎದುರಾದರೆ ಬಿಲ್ಲು ಕೆಳಗಿಡುವ ವ್ರತ. ಅಭಿಮನ್ಯುವಿಗೆ ಚಕ್ರವ್ಯೂಹದ ಒಳಹೋಗುವ ದಾರಿ ಗೊತ್ತು, ಹೊರಬರುವ ದಾರಿ ಗೊತ್ತಿಲ್ಲ. ಆ ಒಂದು ಅಜ್ಞಾನದಿಂದಲೇ ಅವನಿಗೆ ಆ ದೃಶ್ಯ ಪೂರ್ತಿಯಾಗಿ ದಕ್ಕಿತು. "ಬಲ ಕಡಿಮೆ ಮಾಡಬೇಡ ಕಣಯ್ಯ, ಯಾರೂ ಒಪ್ಪೋದಿಲ್ಲ. ಅವನಿಗೆ ಆಗದೇ ಇರೋದು ಒಂದಿಡು. ಅದು ಪಕ್ಕದವನಿಗೆ ಆಗೋ ಹಾಗೆ ನೋಡಿಕೋ" ಎಂದರು. ಆಟದ ದಪ್ಪ ಪುಸ್ತಕಗಳಲ್ಲಿ ಇದಕ್ಕಿಂತ ಹೆಚ್ಚಿನದೇನಾದರೂ ಇದ್ದರೆ ಅದು ಅಂಕಿಗಳ ಕೋಷ್ಟಕ ಮಾತ್ರವೆಂದು ನನ್ನ ನಂಬಿಕೆ.

ಆ ಮೇಜಿನಲ್ಲಿ ಗಾಯ ವಾಸಿಮಾಡುವ ಪುರೋಹಿತನ ಪಾತ್ರವನ್ನು ಯಾರೂ ಬಯಸಿರಲಿಲ್ಲವಾಗಿ, ತಡವಾಗಿ ಬಂದ ಹುಡುಗನ ಕೊರಳಿಗೆ ಅದನ್ನು ಕಟ್ಟಿದ್ದರು. ಮೇಷ್ಟ್ರು ಅವನ ಬೆನ್ನು ಸವರಿ, ದೇವವೈದ್ಯರಾದ ಅಶ್ವಿನೀಕುಮಾರರ ಮಕ್ಕಳಾದ ನಕುಲ ಸಹದೇವರಿಗೂ ಕುರುಕ್ಷೇತ್ರದಲ್ಲಿ ಒಂದು ಕಂದ ಗಟ್ಟಿಯಾಗಿ ದೊರೆಯದೆಂದೂ, ವೈದ್ಯರ ಮನೆತನದ ಹಣೆಬರಹವೇ ಇಷ್ಟೆಂದೂ ಸಮಾಧಾನ ಹೇಳಿದರು. ಹುಡುಗನಿಗೆ ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ.

ಇಷ್ಟೆಲ್ಲ ತಿಳಿದ ಮೇಷ್ಟ್ರ ಪಾಡು ನಾಟಕದ ರಾತ್ರಿ ಏನಾಗುವುದೆಂಬುದನ್ನು ಹೇಳದೆ ಬಿಟ್ಟರೆ ಚಿತ್ರ ಅಪೂರ್ಣ. ದುರ್ಯೋಧನರ ಬಂಧುಬಳಗ ಎರಡು ವ್ಯಾನುಗಳಲ್ಲಿ ಬಂದಿಳಿದಿರುತ್ತದೆ. ಒಡ್ಡೋಲಗದ ಮೊದಲ ಕಂದಕ್ಕೇ ಒನ್ಸ್ ಮೋರ್, ನೋಟಿನ ಹಾರ, ಮತ್ತೆ ಒನ್ಸ್ ಮೋರ್. ಅಭಿಮನ್ಯು ಸಾಯುವಷ್ಟರಲ್ಲಿ ನಡುರಾತ್ರಿ ಮೀರಿ ಎಷ್ಟೋ ಹೊತ್ತಾಗಿರುತ್ತದೆ. ಭೀಮನು ಪರದೆಯ ಹಿಂದೆ ಗದೆಗೆ ಒರಗಿ ತೂಕಡಿಸುತ್ತಿರುತ್ತಾನೆ. ಆಗ ಮೇಷ್ಟ್ರು ತಮ್ಮ ಬ್ರಹ್ಮಾಸ್ತ್ರವನ್ನು ಹೂಡುತ್ತಾರೆ: ಆಲಾಪನೆ ಉದ್ದವಾದ ಕಡೆ ಹಾರ್ಮೋನಿಯಮ್ಮಿನ ತಿದಿಯನ್ನು ಮೆಲ್ಲನೆ ಬಿಟ್ಟುಬಿಡುತ್ತಾರೆ, ನಾದ ಇಂಗುತ್ತದೆ, ಶ್ರುತಿ ತಪ್ಪುವ ಭಯಕ್ಕೆ ಎಂಥ ಚಕ್ರವರ್ತಿಯೂ ಬಾಯಿ ಮುಚ್ಚುತ್ತಾನೆ. ಇದರಿಂದ ಕರ್ಣ, ಶಕುನಿ, ಇಬ್ಬರು ಕೃಷ್ಣರು, ಎಲ್ಲರೂ ಹದ್ದಿನಲ್ಲಿದ್ದರು. ಗದಾಯುದ್ಧದಲ್ಲಿ ಮಾತ್ರ ಅಸ್ತ್ರ ವಿಫಲವಾಯಿತು. ತೊಡೆಗೆ ಏಟು ಬಿದ್ದ ದುರ್ಯೋಧನರು ಬೀಳಲೊಲ್ಲರು. ಹಾರ್ಮೋನಿಯಂ ನಿಂತಿತು, ತಬಲ ನಿಂತಿತು, ಭೀಮನು ಎರಡನೆಯ ಏಟನ್ನೂ ಸ್ವಲ್ಪ ಮನಃಪೂರ್ವಕವಾಗಿಯೇ ಕೊಟ್ಟನು. ಅವರು ನಿಂತೇ ಇದ್ದರು. ಕಡೆಗೆ ಮೇಷ್ಟ್ರು ಕತ್ತು ಚಾಚಿ, "ಬೀಳಿ ಸ್ವಾಮಿ, ಮಲಗಿಕೊಂಡು ಹಾಡೋಕೆ ಇನ್ನೊಂದು ಕಂದ ಕೊಡ್ತೀನಿ" ಎಂದು ಪಿಸುಗುಟ್ಟಿದ್ದು ಮೈಕಿನಲ್ಲಿ ಇಡೀ ಸಭೆಗೆ ಕೇಳಿಸಿತು. ದುರ್ಯೋಧನರು ಬಿದ್ದರು. ಕಂದ ಹಾಡಿದರು. ಬೆಳಗಿನ ಮೊದಲ ಬಸ್ಸು ಹೊರಟರೂ ಹಾಡುತ್ತಿದ್ದರು.

ಮುಂದಿನ ನಾಟಕದ ತಾಲೀಮು ಈಗಾಗಲೇ ಆರಂಭವಾಗಿದೆ. ಕೃಷ್ಣರು ಮೂವರಾಗಿದ್ದಾರೆ, ಕರ್ಣನ ವಿಷಯ ಕಾಫಿಯ ಹಂತದಲ್ಲಿದೆ. ವಿದುರನ ಪಾತ್ರ ಇನ್ನೂ ಖಾಲಿ. ಎರಡೇ ಕಂದ, ದೃಶ್ಯ ಕೆಲವೇ. ಆದರೆ ದೂತನಾಗಿ ಬಂದ ಕೃಷ್ಣನು ಅರಮನೆಗಳನ್ನೆಲ್ಲ ಬಿಟ್ಟು ಊಟಕ್ಕೆ ಹೋಗುವುದು ಅವನ ಮನೆಗೆ, ತುಂಬಿದ ಸಭೆಯಲ್ಲಿ ಬಿಲ್ಲು ಮುರಿದೆಸೆದು ಹೊರಡುವವನೂ ಅವನೇ. ಮುರಿಯಲು ಬಿಲ್ಲನ್ನು ತಂಡದವರೇ ಒದಗಿಸುತ್ತಾರೆ. ವಾಚಕರಲ್ಲಿ ಯಾರಿಗಾದರೂ ಮನಸ್ಸಿದ್ದರೆ ಸಂಜೆ ಎಂಟರ ಮೇಲೆ ಆ ಮಹಡಿಯನ್ನು ಹತ್ತಬಹುದು. ದರದ ವಿಷಯದಲ್ಲಿ ಮೇಷ್ಟ್ರು ಹಟ ಮಾಡುವವರಲ್ಲ.